ಕರಿ ಪರದೆಯ ಮುಂದೆ ನಲವತ್ತು ನಿಮಿಷ

ಬೆಳಗಿನ ಐದು ಇಪ್ಪತ್ತು. ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಇನ್ನೂ ಚಹಾಕ್ಕೆ ನೀರಿಟ್ಟಿಲ್ಲ. ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದು. ಯಂತ್ರ ನಡೆಸುವ ಯಂಕಪ್ಪ ಅದರ ಕರಿ ಪರದೆಗೆ ಮುಖ ಒಡ್ಡಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಾನೆ. ಬೆನ್ನ ಹಿಂದೆ ಶೈಲಶ್ರೀ.

"ಏನ್ ಹೇಳಾಕತ್ತೈತಿ, ಓದು."

"ಇಂಗ್ಲಿಷ್ ಐತ್ರಿ ಅಕ್ಕಾರ."

"ಇರ್ಲಿ. ಒಂದೊಂದ ಶಬ್ದ ಓದು. ಓದದ ಎಂಟರ್ ಒತ್ತಬ್ಯಾಡ."

ಆರಕ್ಕೆ ಮೊದಲ ಪಾಳಿ. ಅದಕ್ಕೂ ಮುಂಚಿನ ನಲವತ್ತು ನಿಮಿಷವಷ್ಟೇ ಪಾಠ. ಬಾಗಲಕೋಟೆ ಕಡೆಯ ಶೈಲಶ್ರೀಗೆ ಈಗ ಮೂವತ್ತೇಳು. ರಾಜಗೋಪಾಲನಗರದ ಬಾಡಿಗೆ ಕೋಣೆಯಿಂದ ನಡೆದೇ ಬರುತ್ತಾರೆ. ಲೋಹ ಕೊರೆಯುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ಅವರ ಕೆಲಸ. ಪಾಠ ಮಾತ್ರ ಯಾರೂ ಹೇಳದೆ ತಾವೇ ಹೊತ್ತುಕೊಂಡದ್ದು. ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರೆಂದು ನೆನಪಿಟ್ಟುಕೊಳ್ಳುವ 'ಗಿಟ್' ಎಂಬ ತಂತ್ರಾಂಶವನ್ನು ಆಪರೇಟರ್‌ಗಳಿಗೆ ಕಲಿಸುತ್ತಾರೆ.

ಹೊತ್ತುಕೊಂಡದ್ದಕ್ಕೆ ಕಾರಣ ಆಪರೇಟರ್ ಆಗಿದ್ದ ಭೀಮಪ್ಪ. 2013ರಲ್ಲಿ ಒಂದು ಯಂತ್ರದ ಪ್ರೋಗ್ರಾಮನ್ನು ಶೈಲಶ್ರೀ ತಿದ್ದಿದ್ದರು. ತಿದ್ದಿದ ಮೇಲೆ, ಕೆಲಸಗಾರ ಕೈ ಹಾಕುವ ಮುನ್ನ ಯಂತ್ರ ನಿಲ್ಲುತ್ತಿತ್ತು. ಹಳೆಯದರಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಅವರು ಕೊಟ್ಟ ಪೆನ್ ಡ್ರೈವಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಮೂರು ಫೈಲುಗಳಿದ್ದವು. ಆ ಪಾಳಿಯಲ್ಲಿ ಹಳೆಯದು ಓಡಿತು. ಭೀಮಪ್ಪನ ಬಲಗೈಯ ಎರಡು ಬೆರಳು ಹೋದವು. 'ಆಪರೇಟರ್ ಅಜಾಗರೂಕತೆ' ಎಂದು ವರದಿಯಾಯಿತು.

"ಅದಕ್ಕ ಸಾಕ್ಷಿ ಸಹಿ ನಾನ ಮಾಡೇನ್ರಿ," ಎನ್ನುತ್ತಾರೆ ಶೈಲಶ್ರೀ. "ತಪ್ಪು ನಂದೂ ಐತಿ ಅಂತ ಬಾಯಿ ಬಿಡ್ಲಿಲ್ಲ." ಈಗ ಅಪಾರ್ಟ್‌ಮೆಂಟ್ ಒಂದರ ಕಾವಲುಗಾರನಾಗಿರುವ ಭೀಮಪ್ಪ ದಾರಿಯಲ್ಲಿ ಸಿಕ್ಕರೆ, "ಊಟ ಆತೇನ್ರಿ ಅಕ್ಕಾರ?" ಎಂದು ತಾನೇ ಕೇಳುತ್ತಾನೆ.

ಮೊದಮೊದಲು ಅವರು ಕಲಿಸಿದ್ದು ಬಣ್ಣದ ಚಿತ್ರಗಳಿದ್ದ, ಮೌಸಿನಿಂದ ಒತ್ತುವ ಗಿಟ್. ಹದಿನಾಲ್ಕು ಮಂದಿ ಮೂರೇ ದಿನಕ್ಕೆ ಕಲಿತರು. ಸಕ್ಕತ್ ಈಸಿ ಅಂದರು. ತಿಂಗಳಾಗಿತ್ತಷ್ಟೆ, ಎರಡು ಪಾಳಿಯವರು ಒಂದೇ ಪ್ರೋಗ್ರಾಮನ್ನು ಬದಲಿಸಿದರು. ಯಾರದ್ದನ್ನು ಉಳಿಸಿಕೊಳ್ಳಲಿ ಎಂದು ಪರದೆ ಕೇಳಿತು. ಆಪರೇಟರ್ ಓದದೆ ಮೊದಲು ಕಂಡ ಬಟನ್ ಒತ್ತಿದ. ಹಿಂದಿನ ಪಾಳಿಯ ತಿದ್ದುಪಡಿ ಬಿಟ್ಟುಹೋಯಿತು. ಮುನ್ನೂರು ಬಿಡಿಭಾಗ ಗುಜರಿಗೆ ಹೋದವು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಪುಣ್ಯ.

"ಚಿತ್ರದ್ದ ತಪ್ಪಲ್ರಿ. ಒತ್ತೂದು ಕಲತಿದ್ರು, ಒತ್ತಿದ್ರ ಏನಾಗತೈತಿ ಅನ್ನೂದು ಕಲತಿರ್ಲಿಲ್ಲ. ಕರಿ ಪರದಿಯೊಳಗ ಆಜ್ಞೆ ತಾವ ಬರೀಬೇಕು. ಬರಿಯೂ ಮುಂದ ಒಂದ್ ಸಲ ವಿಚಾರ ಮಾಡ್ತಾರ."

ಬರೆಯಿಸತೊಡಗಿದ ವಾರದೊಳಗೆ ಹದಿನಾಲ್ಕು ಮಂದಿ ನಾಲ್ವರಾದರು. ಸೂಪರ್‌ವೈಸರ್ ಮನುವಿಗೂ ಇದು ಒಗ್ಗದು. "ಮೇಡಂ, ಇವ್ರೇನು ಸಾಫ್ಟ್‌ವೇರ್ ಇಂಜಿನಿಯರಾ? ಎರಡು ಬಟನ್ ತೋರ್ಸಿ ಕಳ್ಸಿ ಸಾಕು. ಹನ್ನೊಂದು ತಿಂಗಳಿಗೆ ಹೋಗೋರು ಕಣ್ರೀ."

ಮನು ಅಂದದ್ದು ಸುಳ್ಳಲ್ಲ. ಆಪರೇಟರ್‌ಗಳೆಲ್ಲ ಹನ್ನೊಂದು ತಿಂಗಳ ಗುತ್ತಿಗೆಯವರು. ಮೂರು ವರ್ಷದಲ್ಲಿ ಶೈಲಶ್ರೀ ಕಲಿಸಿದ್ದು ಅರವತ್ತೊಂದು ಮಂದಿಗೆ. ಇಂದು ಕಾರ್ಖಾನೆಯಲ್ಲಿ ಉಳಿದಿರುವವನು ಯಂಕಪ್ಪ ಒಬ್ಬನೇ. ಆಜ್ಞೆಗಳನ್ನೆಲ್ಲ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡವನು, ಹಿಂದಿನ ವಾರ ಎರಡು ಪಾಳಿಯ ತಿದ್ದುಪಡಿ ಡಿಕ್ಕಿಯಾದ ಅಂಥದೇ ಇನ್ನೊಂದು ಗೊಂದಲವನ್ನು ಯಾರನ್ನೂ ಕೇಳದೆ ಬಿಡಿಸಿದವನು. ಅವನ ಗುತ್ತಿಗೆಯೂ ಶನಿವಾರಕ್ಕೆ ಮುಗಿಯುತ್ತದೆ. ಮುಂದೆ ನಾಗಸಂದ್ರದ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ.

ಅವನನ್ನು ಉಳಿಸಿಕೊಳ್ಳಿ ಎಂದು ಶೈಲಶ್ರೀ ಎರಡು ಸಲ ಕಚೇರಿಯ ಮೆಟ್ಟಿಲು ಹತ್ತಿದ್ದಾರೆ. ಎರಡು ಸಲವೂ ಅಲ್ಲಿಯವರು ಕಾಯಿಸಿ ಕಳಿಸಿದ್ದಾರೆ. ಸೋಮವಾರ ಹೊಸಬರು ಆರು ಮಂದಿ ಬರುತ್ತಾರೆ. ಮತ್ತೆ ಮೊದಲ ಅಕ್ಷರದಿಂದ ಶುರು.

ನಿಮ್ಮ ಆಸೆಯೇನು ಎಂದು ಕೇಳಿದರೆ ಶೈಲಶ್ರೀ ಹೇಳುತ್ತಾರೆ:

"ದೊಡ್ಡದೇನಿಲ್ರಿ. ನನಗ ಜ್ವರ ಬಂದ ದಿನ ನನ್ನ ಬದಲಿ ಕಲಸಾಕ ಒಬ್ಬರು ಇದ್ರ ಸಾಕು. ಅರವತ್ತೊಂದು ಮಂದಿಯೊಳಗ ಅಂಥಾ ಒಬ್ಬರನ್ನ ಉಳಿಸ್ಕೊಳ್ಳಾಕ ಆಗ್ಲಿಲ್ಲ ನೋಡ್ರಿ ನನಗ."