ಮೊಸರನ್ನ ಮತ್ತು ಉಗುಳುವ ಬಕೆಟ್ಟು

ಬ್ರಿಟಿಷ್ ಟೀವಿಯಲ್ಲಿ ಕ್ಯಾಮೆರಾ ಮುಂದೆ ನಟರು ತಿನ್ನುವ ತಿಂಡಿ ಮಾಡಿಕೊಡುವವರನ್ನು ‘ಹೋಮ್ ಎಕನಾಮಿಸ್ಟ್’ ಎನ್ನುತ್ತಾರಂತೆ. ಇಲ್ಲಿ ಮಲೇಷ್ಯಾದಲ್ಲಿ, ನಿಲಾಯ್‌ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಯಜಮಾನರಿಗೆ ಈ ಹೆಸರು ಕೇಳಿ ನಗುವೋ ನಗು. “ಮೊದ್ಲು ನಮ್ಮನೆ ಎಕನಾಮಿ ನೋಡು ಮಾರಾಯ್ತಿ!”

ಇಲ್ಲಿ ಬ್ರಿಟಿಷ್ ಧಾರಾವಾಹಿಯೊಂದರ ಶೂಟಿಂಗ್ ಇತ್ತು; ಕೋವಿಡ್ ಬಂದು, ಈ ಕೆಲಸಕ್ಕೆ ಲಂಡನ್ನಿನಿಂದ ಬರಬೇಕಾದವರು ಬರಲಿಲ್ಲ. ಆ ಧಾರಾವಾಹಿಯ ಆಫೀಸಿನಲ್ಲಿದ್ದ ಪಕ್ಕದ ಮನೆಯ ತಮಿಳಾಕೆ ನನ್ನನ್ನು ಸೇರಿಸಿದಳು. ದಿನವೂ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಪೆಟಾಲಿಂಗ್ ಜಯಾದ ಹಳೆಯ ಗೋದಾಮಿನಲ್ಲಿ ಕಟ್ಟಿದ ಸೆಟ್ಟಿಗೆ ಹೋಗುತ್ತಿದ್ದೆ.

ದೃಶ್ಯ ಸಣ್ಣದು. ವರ್ಷಗಳ ಮೇಲೆ ತಾಯಿಯ ಅಡುಗೆಮನೆಗೆ ಬಂದ ಮಗಳು ಒಂದು ತುತ್ತು ಮೊಸರನ್ನ ಬಾಯಿಗಿಟ್ಟು ಕರಗಬೇಕು. ನಟಿ ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದವಳು. ಅವಳ ಮೊದಲ ದೊಡ್ಡ ಪಾತ್ರ ಅದು. ತುತ್ತು ಇಟ್ಟಳು, “ಕಟ್” ಎಂದರು, ಪಕ್ಕದ ಮನೆಯಾಕೆ ಬಕೆಟ್ ಹಿಡಿದಳು, ನಟಿ ಅದರಲ್ಲಿ ಉಗುಳಿದಳು. ಮತ್ತೆ ತುತ್ತು, ಮತ್ತೆ ಬಕೆಟ್. ನಾನು ಬಕೆಟ್ಟಿನೊಳಗೆ ಇಣುಕಿ ನೋಡಿದೆ.

“ಹತ್ತು ಸಲ ತಿಂದ್ರೆ ಹೊಟ್ಟೆ ಒಡೀತದೆ ಲಾ, ಅಕ್ಕಾ! ಎಲ್ರೂ ಉಗುಳ್ತಾರೆ. ನಿಮ್ಮ ಅಡುಗೆಗೆ ಅವಮಾನ ಅಲ್ಲ,” ಎಂದಳು ಆಕೆ, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ.

ಆದರೆ ನಟಿಯ ಮುಖದಲ್ಲಿ ಏನೂ ಮೂಡಲಿಲ್ಲ. ನಾಳೆಯೂ ಆಗದಿದ್ದರೆ ತಿನ್ನುವುದನ್ನೇ ತೆಗೆದು, ಹಿಂದಿನಿಂದ ಬೆನ್ನು ತೋರಿಸಿ ಮುಗಿಸುತ್ತೇನೆ ಎಂದರು ನಿರ್ದೇಶಕರು.

ಪಾತ್ರೆ ತೊಳೆಯುವಲ್ಲಿಗೆ ನಟಿ ಬಂದಳು. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: ಕೋವಿಡ್ ಆದಮೇಲೆ ರುಚಿ, ವಾಸನೆ ಎರಡೂ ಹೋಗಿವೆ. ಹತ್ತಿ ತಿಂದ ಹಾಗಾಗುತ್ತದೆ. ಯಾರಿಗೂ ಹೇಳಬೇಡಿ, ಇಡೀ ಕಥೆಯಲ್ಲಿ ನನ್ನದು ಎನ್ನುವಂಥದ್ದು ಇದೊಂದೇ ದೃಶ್ಯ.

ಮನೆಗೆ ಬಂದು, ಹೆಸರು ಬಿಟ್ಟು ವಿಷಯ ತೆಗೆದೆ. “ಖಾರ ಮೂಗಿನ ಕೆಲಸ ಅಲ್ಲ, ಅದು ಉರಿ. ತಣ್ಣಗಿರೋದೂ ಗೊತ್ತಾಗ್ತದೆ,” ಎಂದರು ಯಜಮಾನರು. ನಮ್ಮ ಮಗಳು ಫೋನಿನಿಂದ ತಲೆ ಎತ್ತದೆ, “ದೆನ್ ಮೇಕ್ ಇಟ್ ಕ್ರಂಚಿ, ಅಮ್ಮಾ,” ಎಂದಳು. ಇಬ್ಬರಿಗೂ ನಾನು ಋಣಿ.

ಮರುದಿನ ಮೊಸರನ್ನವನ್ನು ಐಸಿನಲ್ಲಿಟ್ಟು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿದೆ. ಹಸಿಶುಂಠಿ ಸಣ್ಣಗೆ ಹೆಚ್ಚಿ ಹಾಕಿದೆ. ನಡುವೆ ದಾಳಿಂಬೆ ಕಾಳು. ಹುರಿದ ಬಾಳಕದ ಮೆಣಸನ್ನು ಪುಡಿಮಾಡಿ ತುತ್ತಿನೊಳಗೆ ಅಡಗಿಸಿ, ಬಟ್ಟಲು ಕೊಡುವಾಗ ಕಿವಿಯಲ್ಲಿ, “ನಾಲಿಗೆ ಬಿಡಮ್ಮ, ಹಲ್ಲಿನಲ್ಲಿ ತಿನ್ನು,” ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ.

ತುತ್ತು ಇಟ್ಟಳು. ಚಳಿಗೆ ಹುಬ್ಬು ಮೇಲೇರಿತು. ಕರುಂ ಎಂದ ಸದ್ದು ಮೈಕಿನವರಿಗೂ ಕೇಳಿಸಿತಂತೆ. ಆಮೇಲೆ ಮೆಣಸು ಮುಟ್ಟಿತು. ಕಣ್ಣು ತುಂಬಿ, ಅಳುತ್ತ ನಕ್ಕುಬಿಟ್ಟಳು.

“ಕಟ್!” ಎಂದರು. ನಿರ್ದೇಶಕರು ಮಾಸ್ಕಿನೊಳಗೇ ಮೂಗು ಒರೆಸಿಕೊಂಡರು. ಬಕೆಟ್ ಬಂತು. ನಟಿ ಬಟ್ಟಲಿಗೆ ಕೈ ಅಡ್ಡ ಹಿಡಿದು ತಲೆ ಆಡಿಸಿದಳು, ನುಂಗಿದಳು, ಇನ್ನೊಂದು ತುತ್ತು ಕಲಸಿಕೊಂಡಳು.

“ಅಕ್ಕಾ, ಉಳಿದದ್ದು ಇವಳ ಹೋಟೆಲ್ಲಿಗೆ ತಪಾವ್ ಮಾಡ್ಬಿಡಿ,” ಎಂದಳು ಪಕ್ಕದ ಮನೆಯಾಕೆ, ಕಟ್ಟಿಕೊಡಲು ಡಬ್ಬಿ ಹುಡುಕುತ್ತಾ. “ನಂಗೂ ಸ್ವಲ್ಪ ಇರ್ಲಿ ಲಾ!”

ಎಲ್ಲ ಕಟ್ಟಿಕೊಟ್ಟು ಪಾತ್ರೆ ತೊಳೆಯಲು ಕೂತೆ. ಬಕೆಟ್ಟು ಒಣಗಿಯೇ ಇತ್ತು.