ಹೆಂಗಸರಿಗೆ ಒಂದು ಪರ್ಸೆಂಟ್ ಕಡಿಮೆ

ದಲಾಲಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನನ್ನ ಬಲಗೈ ತಾನಾಗಿ ಜೇಬಿನ ಮೇಲೆ ಹೋಗಿ ಕೂರುತ್ತದೆ. ನನ್ನ ಹೆಂಡತಿ ಶೈಲಾ ಇದನ್ನು ಜಿಪುಣತನ ಎನ್ನುತ್ತಾಳೆ. ನಾನು ಮುಂಜಾಗ್ರತೆ ಎನ್ನುತ್ತೇನೆ. ಕೋಪರಖೈರಣೆಯ ಬಾಡಿಗೆ ಮನೆಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ ಹೊಸದು ಮಾಡಿಸುತ್ತ, ಪ್ರತಿ ಸಲವೂ ಯಾರಿಗೋ ಏನೋ ಕೊಡುತ್ತ ಬಂದವನಿಗೆ ಈ ಅಭ್ಯಾಸ ಬರದೇ ಇದ್ದೀತೇ?

ಕೊನೆಗೆ ಸ್ವಂತದ್ದೊಂದು ಇರಲಿ ಎಂದು ಡೊಂಬಿವಲಿ ಈಸ್ಟ್‌ನಲ್ಲಿ ಹಳೆಯ ಫ್ಲ್ಯಾಟೊಂದನ್ನು ನೋಡಿದೆವು. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ತೋರಿಸಿದವರು ಕಾರ್ಕಳದ ದಿನಕರಣ್ಣ, ಹೋಟೆಲು ಬಿಟ್ಟು ಮನೆ ದಲಾಲಿಗೆ ಇಳಿದವರು. ಶೈಲಾ ಅಡುಗೆಮನೆಯ ಕಿಟಕಿ ತೆರೆದು ನಿಂತವಳು ಅಲ್ಲಿಂದ ಕದಲಲಿಲ್ಲ. ಮಾರುವವರ ಮುಂದೆ ಹೀಗೆ ಮನಸೋತು ನಿಂತರೆ ಬೆಲೆ ಏರುತ್ತದೆ ಎಂದು ನಾನು ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಡೊಂಬಿವಲಿಗೆ ಬಂದವರಲ್ಲ. ಇಲ್ಲಿ ಮನೆ ಕಟ್ಟುವವನು ಬಿಲ್ಡರ್; ನಮಗೆ ಬೇರೆ ಥರದ ಕಟ್ಟುವಿಕೆ ಉಳಿದಿರುತ್ತದೆ. ಸ್ಟ್ಯಾಂಪ್ ಡ್ಯೂಟಿ ಕಟ್ಟು, ನೋಂದಣಿ ಶುಲ್ಕ ಕಟ್ಟು, ಸೊಸೈಟಿಗೆ ಹೆಸರು ಬದಲಿಸಿದ್ದಕ್ಕೆ ಕಟ್ಟು. ಇದೆಲ್ಲ ಆದ ಮೇಲೆ ದಲಾಲಿ.

“ನಾವು ಒಂದೇ ಜಿಲ್ಲೆಯವರು ದಿನಕರಣ್ಣ. ಎರಡು ಪರ್ಸೆಂಟ್ ಅಂದ್ರೆ ಹೇಗೆ?” ಎಂದೆ.

“ನೀವು ಊರಿನವರು ಅಂತಲೇ ಎರಡು ಮಾರಾಯ್ರೆ.”

“ಬೇರೆಯವರಿಗೆ ಎಷ್ಟು?”

“ಅವರಿಗೂ ಎರಡೇ. ಆದ್ರೆ ಅವರಿಗೆ ಚಾ ಇಲ್ಲ.”

ಚಾ ಕುಡಿದು ಎದ್ದೆವು.

ಕಾಗದಪತ್ರ ನೋಡಲು ಕಲ್ಯಾಣದ ವಕೀಲೆಯೊಬ್ಬರನ್ನು ಹಿಡಿದೆವು. ಅವರ ಫೀಸು ಕೇಳಿ ನನ್ನ ಕೈ ಮತ್ತೆ ಜೇಬಿಗೆ ಹೋಗಿತ್ತು. ಅವರ ಮುಂದಿನ ಮಾತಿಗೆ ಕೆಳಗಿಳಿಯಿತು. ಮನೆಯನ್ನು ಬರೀ ಹೆಂಗಸಿನ ಹೆಸರಿಗೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಒಂದು ಪರ್ಸೆಂಟ್ ಕಡಿಮೆಯಂತೆ! ಗೃಹಿಣಿಯೇ ಗೃಹ ಎಂದು ನಮ್ಮ ಹಿರಿಯರು ಬಾಯಿಮಾತಿನಲ್ಲಿ ಹೇಳಿಹೋದರು. ಅದಕ್ಕೆ ರಿಯಾಯಿತಿ ಕೊಟ್ಟದ್ದು ಮಾತ್ರ ಮಹಾರಾಷ್ಟ್ರ ಸರ್ಕಾರ.

“ಜೊತೆಗೆ ನನ್ನ ಹೆಸರೂ ಇದ್ದರೆ?” ಎಂದು ಹಿಂದಿಯಲ್ಲಿ ಕೇಳಿದೆ.

ವಕೀಲೆ ಕನ್ನಡಕದ ಮೇಲಿಂದ ನೋಡಿದರು. ನನ್ನ ಹೆಸರು ಸೇರಿದರೆ ರಿಯಾಯಿತಿ ಇಲ್ಲ. ಬೇಕಾದರೆ ಸಾಲದಲ್ಲಿ ಸೇರಿಸಬಹುದು ಎಂದರು.

ವಾಪಸು ಬರುವಾಗ ಲೋಕಲ್‌ನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಒಂದು ಪರ್ಸೆಂಟ್ ದೊಡ್ಡದೋ ನನ್ನ ಹೆಸರು ದೊಡ್ಡದೋ ಎಂದು ನಾನು ತೂಗುತ್ತಿದ್ದೆ. ಗದಗಿನವಳಾದ ಶೈಲಾ ಮನಸ್ಸಿನಲ್ಲಿದ್ದದ್ದನ್ನು ಹೆಚ್ಚು ಹೊತ್ತು ಒಳಗಿಟ್ಟುಕೊಳ್ಳುವವಳಲ್ಲ.

“ನಿಮಗ ಮನಸ್ಸಿಲ್ಲಂದ್ರ ಬ್ಯಾಡ ಬಿಡ್ರಿ. ಪೂರ್ತಿ ಡ್ಯೂಟಿ ಕಟ್ಟೂಣು.”

“ಛೆ, ದುಡ್ಡು ಉಳೀತದಲ್ಲ!”

“ನಾ ದುಡ್ಡಿನ ಮಾತು ಕೇಳ್ಲಿಲ್ಲ.”

ಮನೆಗೆಂದು ಕೂಡಿಟ್ಟ ಹಣದಲ್ಲಿ ಅರ್ಧ ಅವಳ ಮೇಷ್ಟರಿಕೆಯ ಸಂಬಳದ್ದು. ಆದರೆ ಬಾಡಿಗೆ ಕರಾರು, ಗ್ಯಾಸು, ಕರೆಂಟಿನ ಬಿಲ್ಲು ಎಲ್ಲವೂ ನನ್ನ ಹೆಸರಿಗೇ ಬರುತ್ತಿದ್ದವು. ಬಿಲ್ಲು ಬಂದಾಗ ಹೆಸರಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ ಎಂಬುದು ಆಗ ನೆನಪಾಯಿತು. ಠಾಣೆಯಲ್ಲಿ ಗಾಡಿ ಬದಲಿಸುವಾಗ “ನಿನ್ನ ಹೆಸರೇ ಇರಲಿ” ಎಂದೆ. ಔದಾರ್ಯದಿಂದಲೋ ಉಳಿತಾಯದ ಆಸೆಯಿಂದಲೋ ಎಂದು ಅವಳು ಕೇಳಲಿಲ್ಲ.

ನೋಂದಣಿ ಕಚೇರಿಯಲ್ಲಿ ಅವಳ ಫೋಟೊ ತೆಗೆದರು, ಹೆಬ್ಬೆಟ್ಟು ಒತ್ತಿಸಿದರು. ಮಕ್ಕಳ ಉತ್ತರಪತ್ರಿಕೆಗೆ ಸರಸರ ಸಹಿ ಹಾಕುವವಳು ಅಂದು ಒಂದೊಂದು ಪುಟಕ್ಕೂ ಪೂರ್ತಿ ಹೆಸರನ್ನು ದುಂಡಗೆ ಬರೆದಳು. ಹಿಂದೆ ನಿಂತವರು ಗೊಣಗಿದರೂ ಅವಸರ ಮಾಡಲಿಲ್ಲ. ನಾನು ಬರೀ ಸಾಕ್ಷಿ. ದಿನಕರಣ್ಣ ನನ್ನ ಕಿವಿಯ ಬಳಿ ಬಗ್ಗಿ, “ಇನ್ನು ನೀವು ಬಾಡಿಗೆಯವರು ಮಾರಾಯ್ರೆ. ಹೊರಗೆ ಹಾಕಿದ್ರೆ ಹೇಳಿ, ಒಂದೂವರೆಗೆ ಬೇರೆ ಮನೆ ಹುಡುಕಿಕೊಡ್ತೇನೆ” ಎಂದರು. ನನಗೆಂದು ಅವರು ದರ ಇಳಿಸಿದ್ದು ಅದೊಂದೇ ಸಲ.

ಹೊಸ ಮನೆಗೆ ಬಂದ ಮೇಲೆ ಒಂದು ಭಾನುವಾರ ಸೊಸೈಟಿಯ ಮೀಟಿಂಗು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೀರಿನ ವಿಷಯದಲ್ಲಿ ಆಡಬೇಕಾದ ಮಾತುಗಳನ್ನು ಮೆಟ್ಟಿಲಿಳಿಯುತ್ತಲೇ ಜೋಡಿಸಿಕೊಂಡು ಹೋಗಿ ಕುಳಿತೆ. ಸೆಕ್ರೆಟರಿ ಬಲು ಮರ್ಯಾದೆಯಿಂದ, “ಅಂಕಲ್, ಮೆಂಬರ್ ಕೋ ಭೇಜಿಯೇ ನಾ” ಎಂದ; ಮೆಂಬರನ್ನು, ಅಂದರೆ ಮನೆ ಯಾರ ಹೆಸರಲ್ಲಿದೆಯೋ ಅವರನ್ನು, ಕಳಿಸಿ ಅಂತ.

ಮೂರು ಮಹಡಿ ಹತ್ತಿದೆ. ಶೈಲಾ ರೊಟ್ಟಿ ಬಡಿಯುತ್ತಿದ್ದಳು. ವಿಷಯ ತಿಳಿದು ಕೈ ತೊಳೆದು, “ಬಡಿದಿಟ್ಟಿದ್ದನ್ನ ಬೇಯಿಸ್ರಿ, ಬಂದೆ” ಎಂದು ಸೆರಗು ಸರಿಮಾಡಿಕೊಂಡು ಇಳಿದೇಬಿಟ್ಟಳು. ಅಡುಗೆಮನೆಯ ಕಿಟಕಿಯಿಂದ ಕೆಳಗಿನ ಮೀಟಿಂಗು ಕೇಳಿಸುತ್ತಿತ್ತು. ಅವಳು ತನ್ನ ಗದಗಿನ ಮರಾಠಿಯಲ್ಲಿ ನೀರಿನ ವಿಷಯ ಎತ್ತಿದಳು. ನಾನು ಜೋಡಿಸಿಕೊಂಡಿದ್ದ ಅಷ್ಟೂ ಮಾತಿಗಿಂತ ಅದು ಚಿಕ್ಕದಾಗಿತ್ತು, ಮತ್ತು ಕೆಲಸ ಮಾಡಿತು. ಕೇಳುತ್ತ ನಿಂತದ್ದಕ್ಕೆ ತವೆಯ ಮೇಲಿದ್ದದ್ದು ಕರಕಲಾಯಿತು.

“ನಾಳಿಂದ ಮುಂಜಾನೆ ನೀರು ಅರ್ಧಾ ತಾಸು ಜಾಸ್ತಿ” ಎನ್ನುತ್ತ ಬಂದವಳು ರೊಟ್ಟಿಯ ಬುಟ್ಟಿ ನೋಡಿದಳು. ಚೆನ್ನಾಗಿ ಬೆಂದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡು ಕರಕಲಾದದ್ದನ್ನು ನನಗೆ ಬಡಿಸಿದಳು. ಮದುವೆಯಾದ ಮೇಲೆ ಇದೇ ಮೊದಲು. ಮುರಿದು ಬಾಯಿಗಿಟ್ಟೆ, ಕಹಿಯಾಗಿತ್ತು. ದಿನಾ ತವೆಯ ಮೇಲೆ ಒಂದಾದರೂ ಹೊತ್ತದೆ ಇರುತ್ತದೆಯೇ? ಇಷ್ಟು ವರ್ಷ ಅದನ್ನು ಯಾರು ತಿನ್ನುತ್ತಿದ್ದರು ಎಂದು ನಾನು ಯೋಚಿಸಿಯೇ ಇರಲಿಲ್ಲ.