ಕಾಲರಿನ ಗುಂಡಿ

ಹಿಟ್ಟಿನ ಗಿರಣಿಯ ಮನೆಯಲ್ಲಿ ಹುಟ್ಟಿದವರು ಕೂಗಿ ಮಾತಾಡುತ್ತಾರೆ. ಅವಳ ಅಮ್ಮ ಗಿರಣಿ ನಿಂತ ಮೇಲೂ ಕೂಗುತ್ತಿದ್ದಳು, ಫೋನಿನಲ್ಲೂ ಕೂಗುತ್ತಿದ್ದಳು. ಅಣ್ಣನಂತೂ ಪಕ್ಕದಲ್ಲಿ ಕೂತವರಿಗೆ ನೀರು ಬೇಕೇ ಎಂದು ಕೇಳಿದರೆ ಬೀದಿಯವರೆಲ್ಲ ತಿರುಗಿ ನೋಡಬೇಕು. ಅಂಥ ಮನೆಯಲ್ಲಿ ಇವಳೊಬ್ಬಳದು ಗಂಟಲಿನಿಂದ ಆಚೆ ಬರಲು ನಾಚುವ ದನಿ. ಎಷ್ಟು ಅರಚಿದರೂ ಗಿರಣಿಯ ಸದ್ದಿನಲ್ಲಿ ಕೇಳುವುದಿಲ್ಲವೆಂದು ತುಟಿ ನಾಲಗೆಗಳನ್ನು ಸ್ಪಷ್ಟವಾಗಿ ಆಡಿಸಿ ಮಾತಾಡುವುದನ್ನು ಕಲಿತಿದ್ದಳು. ಈ ವಿದ್ಯೆ ಎಲ್ಲಿ ಉಪಯೋಗಕ್ಕೆ ಬಂದೀತೆಂದು ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಬಂದದ್ದು ನಾಟಕದಲ್ಲಿ. ಫಾರ್ಮಸಿ ಓದಲು ಈ ದೊಡ್ಡ ಊರಿಗೆ ಬಂದ ಮೊದಲ ವರ್ಷ ಅವಳು ಊರನ್ನು ಕಂಡದ್ದೆಲ್ಲ ಬಸ್ಸಿನ ಕಿಟಕಿಯಿಂದಲೇ. ಭಾನುವಾರ ಹಾಸ್ಟೆಲಿನ ತಾರಸಿಯ ಮೇಲೆ ಬಟ್ಟೆ ಹರವಿ, ಅವು ಒಣಗುವುದನ್ನು ನೋಡುತ್ತಾ ಕೂರುವುದೇ ಮನರಂಜನೆ. ಎರಡನೆಯ ವರ್ಷ ರೂಮಿನ ಗೆಳತಿ ಇದನ್ನು ನೋಡಲಾರದೆ ವಿದ್ಯಾರ್ಥಿಗಳ ನಾಟಕ ತಂಡದ ತಾಲೀಮಿಗೆ ಎಳೆದುಕೊಂಡು ಹೋದಳು. ಅಲ್ಲಿ ಯಾರೋ ಮಾತು ಮರೆತು ಪೆಚ್ಚಾಗಿ ನಿಂತಾಗ, ಮೂಲೆಯಲ್ಲಿ ಮುದುಡಿ ಕೂತಿದ್ದ ಇವಳು ತಡೆಯಲಾರದೆ ಆ ಮಾತನ್ನು ಪಿಸುಗುಟ್ಟಿದಳು. ಮರೆತವನಿಗೆ ಅಕ್ಷರ ಬಿಡದೆ ಕೇಳಿಸಿತು, ಆಚೆ ನಿಂತವನಿಗೆ ಇಲ್ಲ. ನಿರ್ದೇಶಕ, ಎಂದರೆ ಕಾನೂನು ಓದುತ್ತಿದ್ದ ಗಡ್ಡದ ಹುಡುಗ, ತೊಡೆ ತಟ್ಟಿ, "ಸಿಕ್ಕಿದ್ಳಪ್ಪ ನಮ್ಮ ಪ್ರಾಂಪ್ಟರ್!" ಎಂದ. ಅಂದಿನಿಂದ ಅವಳು ಎಲ್ಲರಿಗೂ ಪಿಸು.

ಆ ತಂಡದ ಬೆನ್ನು ಹತ್ತಿದ ಮೇಲೆ ಊರಿನ ಬಾಗಿಲುಗಳೆಲ್ಲ ತೆರೆದವು. ಫುಟ್‌ಪಾತಿನ ಹಳೇ ಪುಸ್ತಕದ ಅಂಗಡಿಯಲ್ಲಿ ನಿಂತಲ್ಲೇ ಅರ್ಧ ಪುಸ್ತಕ ಓದುವುದು, ಚಿತ್ರಕಲಾ ಶಾಲೆಯವರ ಪ್ರದರ್ಶನಕ್ಕೆ ನುಗ್ಗಿ ಅರ್ಥವಾಗದ ಚಿತ್ರದ ಮುಂದೆ ಅರ್ಥವಾದವರ ಹಾಗೆ ತಲೆಯಾಡಿಸುವುದು, ಸಂಗೀತ ಸಭಾಂಗಣದ ಹಿಂಬದಿ ಗೋಡೆಗೆ ಒರಗಿ ಕಾಲು ನೋಯುವ ತನಕ ಪಿಟೀಲು ಕೇಳುವುದು. ಆಮೇಲೆ ಕ್ಯಾಂಟೀನಿನಲ್ಲಿ ತಣ್ಣಗಾದ ಟೀ ಮುಂದಿಟ್ಟುಕೊಂಡು ಸಿನಿಮಾದ ಬಗ್ಗೆ ಜಗಳ; ಕ್ಯಾಂಟೀನಿನವನು ಫ್ಯಾನು ನಿಲ್ಲಿಸಿದರೂ ಯಾರೂ ಏಳುತ್ತಿರಲಿಲ್ಲ. ಇಷ್ಟೂ ಸುಖ ಒಂದು ಪಿಸುಮಾತಿನ ಮೇಲೆ ನಿಂತಿದೆ, ಅದು ಕೈಕೊಟ್ಟರೆ ಮತ್ತೆ ತಾರಸಿಯೇ ಗತಿ ಎಂಬ ಹೆದರಿಕೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಹೆದರುವುದರಲ್ಲಿ ಅವಳು ಎತ್ತಿದ ಕೈ.

ಕೈಕೊಟ್ಟೇ ಬಿಟ್ಟಿತು. ಆ ವರ್ಷದ ನಾಟಕ ಮುನಿಸಿಕೊಂಡ ಅಣ್ಣತಮ್ಮಂದಿರದು. ಗಡಿಯಾರ ರಿಪೇರಿ ಮಾಡುವ ಮುದಿ ಅಣ್ಣನ ಪಾತ್ರದಲ್ಲಿ, ತಂಡದವರು ಹೀರೋ ಎಂದೇ ಕರೆಯುತ್ತಿದ್ದ ಎಂಜಿನಿಯರಿಂಗ್ ಹುಡುಗ. ಕೊನೆಯಲ್ಲಿ, ಎಷ್ಟೋ ವರ್ಷದ ಮೇಲೆ ತಮ್ಮ ಬಂದು ಹೊಸ್ತಿಲಲ್ಲಿ ನಿಂತಾಗ ಅಣ್ಣ ಹೇಳಬೇಕು: "ಬಾಗಿಲು ಹಾಕಿರಲಿಲ್ಲ ಕಣೋ, ನೀನು ತಳ್ಳಿ ನೋಡಲಿಲ್ಲ." ತಾಲೀಮಿನಲ್ಲಿ ಹೀರೋ ಇದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದ. ಮೊದಲ ಪ್ರದರ್ಶನದ ದಿನ ತುಂಬಿದ ಸಭೆ ಕಂಡು ಹುರುಪು ಬಂದು, ಯಾರಿಗೂ ಹೇಳದೆ ಕೇಳದೆ ಆ ಮಾತಿನ ಮುಂಚೆ ದೊಡ್ಡದೊಂದು ಮೌನ ಹಿಡಿದ. ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಪಿಸುವಿಗೆ ಎದೆ ಧಸಕ್ಕೆಂದಿತು. ಮರೆತನೆಂದೇ ತಿಳಿದು ಆ ಮಾತನ್ನು ಹೇಳಿಕೊಟ್ಟಳು. ಗಾಬರಿಯಲ್ಲಿ ದನಿ ಏರಿ ಮುಂದಿನ ಸಾಲಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು, ಮತ್ತೊಬ್ಬರು ನಕ್ಕರು, ಕಣ್ಣೀರು ಬರಬೇಕಾದ ಜಾಗದಲ್ಲಿ ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತು.

"ನನ್ನ ಮೌನನ ಕೊಂದ್ಬಿಟ್ಲು!" ಎಂದು ಹೀರೋ ಮುಖದ ಬಣ್ಣವನ್ನೂ ಒರೆಸಿಕೊಳ್ಳದೆ ಕುಣಿದಾಡಿದ.

ನಿರ್ದೇಶಕ ಪಂಚಾಯಿತಿಗೆ ಕೂತ. "ನೀನು ನಿಜವಾಗ್ಲೂ ಮರೆತ್ರೆ ಕಾಲರಿನ ಗುಂಡಿ ಮುಟ್ಕೋ. ಪಿಸು, ಅವನು ಗುಂಡಿ ಮುಟ್ಟಿದ್ರೆ ಮಾತ್ರ ನೀನು ಬಾಯಿ ಬಿಡ್ಬೇಕು. ಇನ್ನೊಂದ್ಸಲ ಹೀಗಾದ್ರೆ ಬೇಜಾರು ಮಾಡ್ಕೋಬೇಡ, ನಾನು ಬೇರೆಯವರನ್ನ ನೋಡ್ಕೋತೀನಿ."

ಮುಂದಿನ ಪ್ರದರ್ಶನ ಬರುವ ಭಾನುವಾರ ಮಧ್ಯಾಹ್ನ. ಅಲ್ಲಿಯ ತನಕ ಪಿಸುವಿಗೆ ಅನ್ನ ಇಳಿಯಲಿಲ್ಲ. ಲ್ಯಾಬಿನಲ್ಲಿ ಒಂದು ಪುಡಿಯ ಬದಲು ಇನ್ನೊಂದನ್ನು ತೂಗಿ ಮೇಡಂ ಕೈಲಿ ಬೈಸಿಕೊಂಡಳು. ಬಸ್ಸಿನಲ್ಲಿ ಯಾರಾದರೂ ಕಾಲರಿಗೆ ಕೈಹಾಕಿದರೆ ಸಾಕು, ಅವಳ ಬಾಯಿ ತಾನಾಗಿ ತೆರೆಯುತ್ತಿತ್ತು. ಅಮ್ಮನ ಫೋನು ಬೇರೆ.

"ನಾಟಕದಲ್ಲಿ ನಿಂದು ಯಾವ ಪಾತ್ರನೇ?" ಎಂದು ಅಮ್ಮ ಕೂಗಿದಳು.

"ನಾನು ಕಾಣಿಸೋದಿಲ್ಲಮ್ಮ."

"ಕಾಣಿಸ್ದೇ ಇರೋದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಮನೇಲೂ ಹಾಗೇ ಇದ್ಯಲ್ಲ!"

ಅಮ್ಮ ತಮಾಷೆಗೆ ಅಂದದ್ದು. ಪಿಸು ಫೋನಿಟ್ಟು ಬಾತ್‌ರೂಮಿಗೆ ಹೋಗಿ ಅತ್ತಳು.

ಭಾನುವಾರ ಬಂತು. ಉಡುಪು ನೋಡಿಕೊಳ್ಳುವ ಹುಡುಗಿಗೆ ಅದೇ ದಿನ ಒಂದು ಹುಮ್ಮಸ್ಸು: ಕೊನೆಯ ದೃಶ್ಯದಲ್ಲಿ ಮುದುಕನಿಗೆ ಕಾಯಿಲೆ, ಅಂಗಿಗಿಂತ ಸ್ವೆಟರ್ ಚೆನ್ನ. ದುಂಡು ಕುತ್ತಿಗೆಯ ಹಳೇ ಸ್ವೆಟರು ಹೀರೋನ ಮೈಮೇಲೆ ಎಷ್ಟು ಒಪ್ಪಿತೆಂದರೆ ನಿರ್ದೇಶಕನೇ ಭೇಷ್ ಎಂದ. ಪಿಸುವೂ ತಲೆಯಾಡಿಸಿದಳು.

ತಮ್ಮ ಹೊಸ್ತಿಲಿಗೆ ಬಂದ. ಹೀರೋ ತಲೆಯೆತ್ತಿದ. ಮೌನ. ಇದು ಅವನ ಮೌನ, ಮುಟ್ಟಬಾರದು ಎಂದು ಪಿಸು ತುಟಿ ಕಚ್ಚಿಕೊಂಡಳು. ಮೌನ ಬೆಳೆಯಿತು. ಹೀರೋನ ಕೈ ಮೆಲ್ಲಗೆ ಕುತ್ತಿಗೆಗೆ ಹೋಯಿತು. ಸಭೆಯಲ್ಲಿ ಯಾರೋ ಮೂಗೆಳೆದುಕೊಂಡರು. ಅವರ ಪಾಲಿಗೆ ಅದು ದುಃಖ ಗಂಟಲಲ್ಲಿ ಸಿಕ್ಕಿಕೊಂಡ ಮುದುಕ. ಎಷ್ಟು ಚೆನ್ನಾಗಿ ಮಾಡ್ತಿದಾನೆ ಎಂದು ಪಿಸುವಿಗೂ ಅನ್ನಿಸಿತು. ಆಮೇಲೆ ಅವಳ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಅವು ಉಣ್ಣೆಯ ಮೇಲೆ ಅತ್ತ ಇತ್ತ ತಡಕುತ್ತಿದ್ದವು, ಸಿಗದೆ ಮತ್ತೆ ತಡಕುತ್ತಿದ್ದವು. ಸ್ವೆಟರಿಗೆ ಕಾಲರೇ ಇಲ್ಲ!

ಅಥವಾ ನಟನೆಯೇ ಇರಬಹುದು. ಎದುರು ಪರದೆಯ ಮರೆಯಿಂದ ನಿರ್ದೇಶಕ ತುಟಿಯ ಮೇಲೆ ಬೆರಳಿಟ್ಟು, ಬೇಡ ಬೇಡ ಎಂದು ಅವಳತ್ತ ತಲೆಯಾಡಿಸುತ್ತಿದ್ದ. ಸುಮ್ಮನಿದ್ದರೆ ತಪ್ಪು ಹೀರೋನದು, ಯಾರೂ ಅವಳನ್ನು ಕೇಳುವುದಿಲ್ಲ. ಮಾತು ಹೇಳಿಕೊಟ್ಟು, ಅವನು ಮರೆತಿರದಿದ್ದರೆ, ಪುಸ್ತಕದ ಅಂಗಡಿ, ಪಿಟೀಲು, ಕ್ಯಾಂಟೀನಿನ ಜಗಳ ಎಲ್ಲಕ್ಕೂ ಇವತ್ತೇ ತಿಲಾಂಜಲಿ. ಹೀರೋನ ಹಣೆ ಬೆವರಿದ್ದು ಕಾಣಿಸಿತು. ಪಾಪ, ಅವನು ಒಬ್ಬನೇ ನಿಂತಿದ್ದಾನೆ ಎನ್ನಿಸಿತು.

"ಬಾಗಿಲು ಹಾಕಿರಲಿಲ್ಲ ಕಣೋ," ಎಂದು ಪಿಸುಗುಟ್ಟಿದಳು.

ಹೀರೋನ ಕೈ ಕುತ್ತಿಗೆಯಿಂದ ಕೆಳಗಿಳಿಯಿತು. ಅವನು ಆ ಮಾತನ್ನು ಹೇಳಿದ ರೀತಿಗೆ ತಮ್ಮನ ಪಾತ್ರದವನೇ ನಿಜವಾಗಿ ಅತ್ತುಬಿಟ್ಟ. ಪರದೆ ಬಿದ್ದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಒಳಗೆ ನಿರ್ದೇಶಕ ನೇರ ಅವಳ ಸ್ಟೂಲಿನ ಹತ್ತಿರ ಬಂದ. "ಗುಂಡಿ ಮುಟ್ಟಿದ್ನಾ? ನಾನು ಬೇಡ ಅಂತ ಹೇಳ್ತಾನೇ ಇದ್ದೆ. ಮತ್ಯಾಕೆ ಬಾಯಿ ಬಿಟ್ಟೆ?"

ಪಿಸು ಸ್ಟೂಲಿನಿಂದ ಎದ್ದು ನಿಂತಳು.

"ಎಲ್ಲಿಂದ ಮುಟ್ಲಯ್ಯ?" ಹೀರೋ ಹಿಂದಿನಿಂದ ಬಂದು ಸ್ವೆಟರಿನ ಕುತ್ತಿಗೆಯನ್ನು ಎಳೆದು ತೋರಿಸಿದ. "ಇದರಲ್ಲಿ ಗುಂಡಿ ಎಲ್ಲಿದೆ ತೋರ್ಸು! ಒಂದಕ್ಷರ ನೆನಪಿಲ್ಲ, ಹುಡುಕೀ ಹುಡುಕೀ ಜೀವ ಬಾಯಿಗೆ ಬಂದಿತ್ತು ನಂಗೆ."

ಉಡುಪಿನ ಹುಡುಗಿ ನಾಲಗೆ ಕಚ್ಚಿಕೊಂಡಳು. ಎಲ್ಲರೂ ಗೊಳ್ಳೆಂದು ನಕ್ಕರು. ನಿರ್ದೇಶಕ ನಗಲಿಲ್ಲ, ಗಡ್ಡ ಕೆರೆದುಕೊಂಡ.

"ಬುಧವಾರ ಹೊಸ ನಾಟಕದ ಓದು," ಎಂದ. "ಪ್ರಾಂಪ್ಟರ್ ಬರ್ತಾಳೋ, ಬೇರೆಯವರನ್ನ ನೋಡ್ಲೋ?"

ಎಲ್ಲರ ಕಣ್ಣೂ ಅವಳ ಮೇಲೆ. ಬಾಯಿ ತೆರೆದಳು. ಏನೂ ಬರಲಿಲ್ಲ. ಹೇಳಬೇಕಾದ ಒಂದೇ ಒಂದು ಮಾತು, ಅದೂ ತನ್ನದು, ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ.

ಹೀರೋ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಅವಳ ಕಿವಿಯಲ್ಲಿ ಹೇಳಿದ: "ಬರ್ತೀನಿ."

"ಬರ್ತೀನಿ," ಎಂದಳು ಪಿಸು.